ಹಳೆಯ ಧ್ವನಿಮುದ್ರಿಕೆಗಳ ಅಂಗಡಿ: ಆಧುನಿಕ ಕರ್ನಾಟಕದ ಇತಿಹಾಸಕ್ಕೆ ಒಂದು ಆಕರ

ಆಧುನಿಕ ಕರ್ನಾಟಕದ ಸಾಂಸ್ಕೃತಿಕ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಆಶ್ರಯಿಸುವುದು ಅಚ್ಚಾದ ಕಾಗದವನ್ನು. ಸಂಸ್ಥಾನದ ಆಡಳಿತ ವರದಿಗಳು, ಪತ್ರಿಕೆಗಳ ಹಳೆಯ ಸಂಚಿಕೆಗಳು, ನಾಟಕದ ಪುಸ್ತಕಗಳು, ಹಿರಿಯ ಕಲಾವಿದರ ಆತ್ಮಕಥೆಗಳು, ಇವುಗಳಿಂದ ಸಂಗೀತ ಮತ್ತು ರಂಗಭೂಮಿಗಳ ಚರಿತ್ರೆಗೆ ಒಂದು ಹಂದರವನ್ನು ಕಟ್ಟುವುದು ಕಷ್ಟವೇನಲ್ಲ. ಆದರೆ ಈ ಆಕರಗಳೆಲ್ಲವೂ ಒಂದು ವಿಷಯದಲ್ಲಿ ಮೂಕವಾಗಿವೆ. ಗಾಯಕನು ಹಾಡಿದುದು ಹೇಗೆ, ನಟನು ಕಂದಪದ್ಯವನ್ನು ಎತ್ತಿಕೊಂಡುದು ಯಾವ ಶ್ರುತಿಯಲ್ಲಿ, ತೊಂಬತ್ತು ನೂರು ವರ್ಷಗಳ ಹಿಂದೆ ಧಾರವಾಡದವರ ಕನ್ನಡವೂ ಮೈಸೂರಿನವರ ಕನ್ನಡವೂ ಕಿವಿಗೆ ಹೇಗೆ ಕೇಳಿಸುತ್ತಿದ್ದವು ಎಂಬುದನ್ನು ಯಾವ ಕಾಗದವೂ ಹೇಳಲಾರದು. ವಾಕ್ಚಿತ್ರವೂ ಬಾನುಲಿಯೂ ಬರುವುದಕ್ಕೆ ಮುಂಚಿನ ದಶಕಗಳಿಗಂತೂ ಇದನ್ನು ಹೇಳಬಲ್ಲ ಸಾಕ್ಷಿ ಗ್ರಾಮಫೋನ್ ಧ್ವನಿಮುದ್ರಿಕೆಯೊಂದೇ. ಜನರ ಮಾತಿನಲ್ಲಿ ಹೇಳುವುದಾದರೆ, ‘ಪ್ಲೇಟು’. ಈ ಪ್ಲೇಟುಗಳು ಇಂದು ದೊರೆಯುವುದು ಬಹುಮಟ್ಟಿಗೆ ಹಳೆಯ ಸಾಮಾನಿನ ಅಂಗಡಿಗಳಲ್ಲಿ. ಆ ಅಂಗಡಿಯಲ್ಲಿ ಇತಿಹಾಸದ ವಿದ್ಯಾರ್ಥಿಯು ಏನನ್ನು ಓದಬೇಕು, ಓದಿದುದರಲ್ಲಿ ಎಷ್ಟನ್ನು ನಂಬಬೇಕು ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಇಂತಹ ಆಕರವೊಂದು ಗುಜರಿಯ ಪಾಲಾದುದಕ್ಕೆ ಕಾರಣವನ್ನು ಮೊದಲು ಅರಿಯಬೇಕು. ಕಲ್ಲಿನ ಶಾಸನಕ್ಕೆ ನಮ್ಮಲ್ಲಿ ಒಂದು ಇಲಾಖೆಯುಂಟು. ಬಿ. ಎಲ್. ರೈಸ್ ಅವರೂ ಅವರ ತರುವಾಯ ಆರ್. ನರಸಿಂಹಾಚಾರ್ಯರೂ ಹಳ್ಳಿ ಹಳ್ಳಿಗಳನ್ನು ಸುತ್ತಿ, ಕೆರೆಯ ತೂಬಿನಲ್ಲಿಯೂ ಬಟ್ಟೆ ಒಗೆಯುವ ಕಲ್ಲಿನಲ್ಲಿಯೂ ಅಡಗಿದ್ದ ಅಕ್ಷರಗಳನ್ನು ಎತ್ತಿ ಉಳಿಸಿದರು. ಅಚ್ಚಾದ ಪುಸ್ತಕಕ್ಕೆ ಕಾನೂನಿನ ಕಾವಲುಂಟು. ಭಾರತದಲ್ಲಿ ಪ್ರಕಟವಾದ ಪ್ರತಿಯೊಂದು ಪುಸ್ತಕದ ಪ್ರತಿಯನ್ನೂ ಕಲಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಮೂರು ಸಾರ್ವಜನಿಕ ಗ್ರಂಥಾಲಯಗಳಿಗೂ ಪ್ರಕಾಶಕನು ಒಪ್ಪಿಸತಕ್ಕದ್ದೆಂದು 1954ರ ಅಧಿನಿಯಮವು ವಿಧಿಸಿತು; 1956ರಲ್ಲಿ ವೃತ್ತಪತ್ರಿಕೆಗಳನ್ನೂ ಅದರೊಳಗೆ ಸೇರಿಸಲಾಯಿತು. ಗ್ರಾಮಫೋನ್ ಪ್ಲೇಟನ್ನು ಆ ಕಾಯಿದೆಯು ಗಣನೆಗೆ ತಂದುಕೊಳ್ಳಲಿಲ್ಲ. ಆದುದರಿಂದ ನಾಲ್ಕಾಣೆಯ ಕಳಪೆ ಪತ್ತೇದಾರಿ ಕಾದಂಬರಿಯೂ ರಾಷ್ಟ್ರದ ಭಂಡಾರವನ್ನು ಸೇರಲು ಹಕ್ಕುಳ್ಳದ್ದಾಯಿತು. ಅದೇ ವರ್ಷ ಹೊರಬಂದ ಮಹಾವಿದ್ವಾಂಸರ ಧ್ವನಿಮುದ್ರಿಕೆಗೆ ಆ ಹಕ್ಕು ಬರಲಿಲ್ಲ. ಪ್ಲೇಟು ಮಾರಾಟವಾದರೆ ಗೃಹಸ್ಥರ ಮನೆಯನ್ನು ಸೇರಿತು, ಮಾರಾಟವಾಗದಿದ್ದರೆ ಕರಗಿ ಇನ್ನೊಂದು ಪ್ಲೇಟಾಯಿತು. ಆಕಾಶವಾಣಿಯ ಭಂಡಾರವೂ, 1990ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಭಾರತೀಯ ಧ್ವನಿಮುದ್ರಿಕೆ ಸಂಗ್ರಾಹಕರ ಸಂಘವೂ, ಬೆಂಗಳೂರಿನಲ್ಲಿಯೇ ವಿಕ್ರಮ್ ಸಂಪತ್ ಅವರು ಆರಂಭಿಸಿದ ಭಾರತೀಯ ಸಂಗೀತದ ಆರ್ಕೈವೂ ಈ ಕೊರತೆಯನ್ನು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ತುಂಬಿವೆ. ಆದರೂ ಅಲ್ಲಿಗೆ ಬಂದು ಸೇರಿದುದಕ್ಕಿಂತ ಹೊರಗೆ ಚದುರಿಹೋದುದೇ ಅಧಿಕವೆಂದು ಅಂಗಡಿಗಳನ್ನು ನೋಡಿದ ಯಾರಿಗಾದರೂ ತೋರದಿರದು.

ಜ್ಞಾನಭಾರತಿಯ ಆವರಣದಿಂದ ಈ ಅಂಗಡಿಗಳಿಗೆ ದಾರಿ ದೂರವಲ್ಲ. 2021ರ ಆಗಸ್ಟಿನಲ್ಲಿ ಕೆಂಗೇರಿಯವರೆಗೆ ಮೆಟ್ರೋ ರೈಲು ಬಂದ ಮೇಲಂತೂ, ಜ್ಞಾನಭಾರತಿ ನಿಲ್ದಾಣದಲ್ಲಿ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಾಯಿಸಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ಭಾನುವಾರದ ಬೆಳಗ್ಗೆ ಬಿ. ವಿ. ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ ನೆರೆಯುವ ಹಳೆಯ ಸಾಮಾನಿನ ಸಂತೆಯಲ್ಲಿ ಕೆಟ್ಟ ಗಡಿಯಾರ, ಹಿತ್ತಾಳೆಯ ದೀಪ, ಹರಿದ ಕ್ಯಾಮರಾ ಚೀಲಗಳ ನಡುವೆ ಪ್ಲೇಟುಗಳ ರಾಶಿಯೂ ಕಾಣಸಿಗುತ್ತದೆ. ಸ್ನಾತಕೋತ್ತರ ತರಗತಿಯ ಆರು ಮಂದಿ ವಿದ್ಯಾರ್ಥಿಗಳೊಡನೆ ನಾವು ಮೂರು ಭಾನುವಾರಗಳನ್ನು ಈ ಸಂತೆಯಲ್ಲಿಯೂ, ಅದಕ್ಕೆ ಸಮೀಪದ ಗಲ್ಲಿಯೊಂದರಲ್ಲಿ ಹಳೆಯ ಧ್ವನಿಮುದ್ರಿಕೆಗಳನ್ನೇ ಮಾರುವ ಒಂದು ಚಿಕ್ಕ ಅಂಗಡಿಯಲ್ಲಿಯೂ ಕಳೆದೆವು. ಅಂಗಡಿಯ ಯಜಮಾನರು ವಯಸ್ಸಾದವರು, ಮಿತಭಾಷಿಗಳು. ನಮ್ಮ ಗುಂಪು ಒಳಹೊಕ್ಕೊಡನೆ ಅವರು ಕೇಳಿದ ಮೊದಲ ಪ್ರಶ್ನೆ ಇದು: “ಸಾರ್, ನಿಮಗೆ ಬೇಕಾದ್ದು ಹಾಡೋ, ಪ್ಲೇಟೋ? ಹಾಡಾದ್ರೆ ಈ ಹುಡುಗರ ಫೋನಲ್ಲೇ ಇರುತ್ತೆ.” ವಿದ್ಯಾರ್ಥಿಗಳು ನಕ್ಕರು. ಆದರೆ ಆಕರಶಾಸ್ತ್ರದ ದೃಷ್ಟಿಯಿಂದ ಇದಕ್ಕಿಂತ ಸಮರ್ಪಕವಾದ ಪ್ರಶ್ನೆಯನ್ನು ನಾವು ತರಗತಿಯಲ್ಲಿ ಕೇಳಿದ್ದಿಲ್ಲ. ಶಾಸನದ ಪಾಠವು ಪುಸ್ತಕದಲ್ಲಿ ಅಚ್ಚಾಗಿದ್ದರೂ ಕಲ್ಲನ್ನು ನೋಡಲು ಹೋಗುವವನಂತೆ ನಾವು ಪ್ಲೇಟನ್ನೇ ನೋಡಬಂದವರಾಗಿದ್ದೆವು.

ವಸ್ತುವಿನ ವಿಚಾರವನ್ನು ಇಲ್ಲಿ ಸ್ವಲ್ಪ ಹೇಳಬೇಕು. 1887ರಲ್ಲಿ ಎಮಿಲ್ ಬರ್ಲಿನರನು ರೂಪಿಸಿದ ಚಪ್ಪಟೆಯ ಫಲಕವು ಮುಂದೆ ಬಹುಕಾಲ ಅರಗಿನಿಂದ ತಯಾರಾಗುತ್ತಿದ್ದಿತು. ನಮ್ಮ ದೇಶದ ಕಾಡುಮರಗಳ ಮೇಲೆ ಅರಗಿನ ಹುಳು ಸುರಿಸಿದ ಅಂಟನ್ನು ಕಲ್ಲಿನ ಪುಡಿ, ಕಾಡಿಗೆ, ಹತ್ತಿಯ ನಾರುಗಳೊಡನೆ ಬೆರೆಸಿ ಒತ್ತಿದರೆ ಪ್ಲೇಟು. ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುತ್ತಿದ್ದ ಈ 10 ಅಂಗುಲದ ಪ್ಲೇಟಿನ ಒಂದು ಮುಖದಲ್ಲಿ ಹಿಡಿಯುತ್ತಿದ್ದುದು ಸುಮಾರು 3 ನಿಮಿಷದ ಧ್ವನಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅರಗು ದುರ್ಲಭವಾಗಿ, ಅಮೆರಿಕದಲ್ಲಿ ಹಳೆಯ ಪ್ಲೇಟುಗಳನ್ನು ಒಟ್ಟುಮಾಡಿ ಪುಡಿಗೈದು ಮತ್ತೆ ಬಳಸಿದರು. 1948ರಲ್ಲಿ ಕೊಲಂಬಿಯಾ ಕಂಪನಿಯು ವಿನೈಲ್ ಎಂಬ ಕೃತಕ ರಾಳದಿಂದ ನಿಮಿಷಕ್ಕೆ 33⅓ ಸುತ್ತಿನ ದೀರ್ಘ ಫಲಕವನ್ನು ಹೊರತಂದಿತು. ಮರುವರ್ಷ 45 ಸುತ್ತಿನ ಚಿಕ್ಕ ಫಲಕವು ಬಂದಿತು. ನಮ್ಮಲ್ಲಿ ಅರಗಿನ ಪ್ಲೇಟು 1960ರ ದಶಕದಲ್ಲಿಯೂ ತಯಾರಾಗುತ್ತಲೇ ಇದ್ದಿತು. ಅರಗಿನದು ಬಿದ್ದರೆ ಒಡೆಯುತ್ತದೆ; ವಿನೈಲಿನದು ಬಿಸಿಲಿಗೆ ಬಾಗುತ್ತದೆ. ಅಂಗಡಿಯಲ್ಲಿ ಈ ಭೇದವನ್ನು ವಿದ್ಯಾರ್ಥಿಗಳಿಗೆ ಹೇಳಿಕೊಡಬೇಕಾಗಲಿಲ್ಲ. ಕೈಗೆತ್ತಿಕೊಂಡಾಗ ತೂಕವೇ ಹೇಳುತ್ತಿತ್ತು.

ಅಂಗಡಿಯ ಜೋಡಣೆಯೂ ಒಂದು ಸಾಕ್ಷ್ಯವೇ. ಗಾಜಿನ ಬಾಗಿಲಿನ ಕಪಾಟಿನಲ್ಲಿ, ಹೊಸ ಪ್ಲಾಸ್ಟಿಕ್ ಹೊದಿಕೆಯೊಳಗೆ, ನೆಟ್ಟಗೆ ನಿಂತಿದ್ದವು ಪಾಶ್ಚಾತ್ಯ ರಾಕ್ ಮತ್ತು ಜಾಸ್ ಸಂಗೀತದ ದೀರ್ಘ ಫಲಕಗಳು. ಅದರ ಕೆಳಗಿನ ಸಾಲು ಹಿಂದೀ ಚಲಚ್ಚಿತ್ರಗಳದು. ಕನ್ನಡ ಚಿತ್ರಗೀತೆಗಳ 7 ಅಂಗುಲದ ಫಲಕಗಳಿಗೆ ರಟ್ಟಿನ ಪೆಟ್ಟಿಗೆ ದೊರೆತಿದ್ದಿತು. ಕನ್ನಡದ ಅರಗಿನ ಪ್ಲೇಟುಗಳು ನೆಲದ ಮೇಲೆ, ಗೋಣಿಯ ತಟ್ಟಿನ ಮೇಲೆ, ಒಂದರ ಮೇಲೊಂದು ಮಲಗಿದ್ದವು. ಅರಗಿನ ಪ್ಲೇಟನ್ನು ಹೀಗೆ ಪೇರಿಸಿದರೆ ತಳದವು ತಮ್ಮ ಮೇಲಿನವುಗಳ ಭಾರಕ್ಕೇ ಬಿರಿಯುತ್ತವೆ. ಯಜಮಾನರಿಗೆ ಇದು ತಿಳಿಯದ ವಿಷಯವಲ್ಲ. ಕೊಳ್ಳುವವರಿಲ್ಲದ ಸರಕಿಗೆ ಕಪಾಟು ಕೊಡಲು ಅವರಿಗೆ ಸ್ಥಳವಿಲ್ಲ. ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಎಂಬುದನ್ನು ಇಲ್ಲಿ ಗಿರಾಕಿಗಳು ನಿರ್ಧರಿಸುತ್ತಿರುವರು. ದೇವಾಲಯದ ದತ್ತಿಶಾಸನಗಳು ಹೆಚ್ಚಾಗಿ ಉಳಿದುವೆಂದು ಹಿಂದಿನವರೆಲ್ಲರೂ ದಾನ ಮಾಡುತ್ತಲೇ ಬಾಳಿದರೆಂದು ತಿಳಿಯುವುದು ಹೇಗೆ ತಪ್ಪೋ, ಹಾಗೆಯೇ ಅಂಗಡಿಯಲ್ಲಿ ಚಿತ್ರಗೀತೆಗಳೇ ತುಂಬಿರುವುದರಿಂದ ಕನ್ನಡಿಗರು ಅವನ್ನಷ್ಟೇ ಕೇಳುತ್ತಿದ್ದರೆಂದು ತೀರ್ಮಾನಿಸುವುದೂ ತಪ್ಪಾಗುತ್ತದೆ.

ಈ ಸರಕು ಎಲ್ಲಿಂದ ಬರುವುದೆಂದು ಕೇಳಿದೆವು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಿಂದ ಈಚೆಗೆ ಹೆಚ್ಚಾಗಿ ಬರುತ್ತಿದೆಯೆಂದು ಯಜಮಾನರು ಹೇಳಿದರು. ಇದರಲ್ಲಿ ಆಶ್ಚರ್ಯವಿಲ್ಲ. ಸ್ವಾತಂತ್ರ್ಯಾನಂತರ ನಗರದ ಪಶ್ಚಿಮಕ್ಕೆ ಬೆಳೆದ ಬಡಾವಣೆಗಳಲ್ಲಿ ಕಾರ್ಖಾನೆಗಳ ನೌಕರರೂ ಸರ್ಕಾರಿ ಗುಮಾಸ್ತರೂ ಉಪಾಧ್ಯಾಯರೂ ನೆಲೆಸಿದರು. ತಿಂಗಳ ಸಂಬಳ ನಿಶ್ಚಿತವಾದ ಈ ವರ್ಗದ ಮನೆಗಳಲ್ಲಿ ಮೊದಲು ರೇಡಿಯೋ, ಅನಂತರ ಗ್ರಾಮಫೋನೂ ರೇಡಿಯೋವೂ ಒಂದೇ ಪೆಟ್ಟಿಗೆಯಲ್ಲಿ ಸೇರಿದ ರೇಡಿಯೋಗ್ರಾಂ ಬಂದು ಕೂತವು. ಇಂದು ಆ ಮನೆಗಳನ್ನು ಕೆಡವಿ ಮಹಡಿಯ ಕಟ್ಟಡಗಳನ್ನು ಎಬ್ಬಿಸುತ್ತಿರುವಾಗ, ಅಟ್ಟದ ಮೇಲಿನ ಪೆಟ್ಟಿಗೆಯು ಹಳೆಯ ಪತ್ರಿಕೆಗಳೊಡನೆ ಗುಜರಿಯ ಗಾಡಿಯನ್ನೇರುತ್ತದೆ. ಒಂದು ಮನೆಯ ಸಂಗ್ರಹವು ಒಟ್ಟಾಗಿ ಇರುವವರೆಗೆ ಅದು ಒಂದು ಕುಟುಂಬದ ಅಭಿರುಚಿಯ ಚರಿತ್ರೆ. ತಂದೆ ಕೊಂಡ ದಾಸರ ಪದಗಳೂ ಮಗ ಕೊಂಡ ಚಿತ್ರಗೀತೆಗಳೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಎರಡು ತಲೆಮಾರುಗಳ ಅಂತರವನ್ನು ಅಳೆಯಬಹುದು. ಅಂಗಡಿಯಲ್ಲಿ ಗಿರಾಕಿಯ ಅನುಕೂಲಕ್ಕಾಗಿ ಅದನ್ನು ಬಿಡಿಸಿ ವಿಂಗಡಿಸಿದ ಕ್ಷಣವೇ ಆ ಚರಿತ್ರೆ ಮುಗಿಯಿತು. ಉತ್ಖನನದಲ್ಲಿ ಪದರಗಳನ್ನು ಗುರುತಿಸದೆ ಮಡಕೆಯ ಚೂರುಗಳನ್ನೆಲ್ಲ ಒಂದೇ ಬುಟ್ಟಿಗೆ ಹಾಕಿದಂತೆ ಇದು. ಮೂರನೆಯ ಭಾನುವಾರ ನಮ್ಮ ಕೋರಿಕೆಯ ಮೇರೆಗೆ ಯಜಮಾನರು ಬಿಡಿಸದೆ ಇಟ್ಟಿದ್ದ ಒಂದು ಪೆಟ್ಟಿಗೆಯನ್ನು ತೋರಿಸಿದರು. ಮೂವತ್ತೆಂಟು ಪ್ಲೇಟುಗಳಿದ್ದ ಆ ಪೆಟ್ಟಿಗೆಯಿಂದ ನಮಗೆ ದೊರೆತ ತಿಳಿವಳಿಕೆಯು ನೆಲದ ಮೇಲಿನ ನೂರಾರು ಪ್ಲೇಟುಗಳಿಂದ ದೊರೆಯಲಿಲ್ಲ.

ಪ್ಲೇಟನ್ನು ಓದುವ ಕ್ರಮವನ್ನು ಈಗ ಹೇಳಬಹುದು. ನಡುವಿನ ಕಾಗದದ ಬಿಲ್ಲೆಯ ಮೇಲೆ ಕಂಪನಿಯ ಗುರುತು, ಹಾಡಿನ ಮೊದಲ ಮಾತುಗಳು, ಹಾಡಿದವರ ಹೆಸರು, ಭಾಷೆ, ಒಂದು ಸಂಖ್ಯೆ ಇರುತ್ತವೆ. ಈ ಸಂಖ್ಯೆ ವ್ಯಾಪಾರದ ಪಟ್ಟಿಗೆ ಸಂಬಂಧಿಸಿದ್ದು. ಅದರ ಹೊರಗೆ, ಗೆರೆಗಳು ಮುಗಿದು ಬಿಲ್ಲೆ ಆರಂಭವಾಗುವ ನಡುವಣ ನುಣುಪು ಜಾಗದಲ್ಲಿ, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವ ಇನ್ನೊಂದು ಸಂಖ್ಯೆ ಇರುತ್ತದೆ. ಇದು ಅಚ್ಚಿನ ಸಂಖ್ಯೆ; ಧ್ವನಿಮುದ್ರಣವಾದ ಕಾಲದಲ್ಲಿ ಅನುಕ್ರಮವಾಗಿ ಕೊಟ್ಟದ್ದು. ಒಂದೇ ಮುದ್ರಣವನ್ನು ಕಂಪನಿಯು ಹತ್ತು ವರ್ಷಗಳ ಬಳಿಕ ಬೇರೆ ಬಿಲ್ಲೆ ಅಂಟಿಸಿ ಮಾರಿದರೂ ಅಚ್ಚಿನ ಸಂಖ್ಯೆಯು ಗುಟ್ಟನ್ನು ಹೊರಗೆಡಹುತ್ತದೆ. ಬಿಲ್ಲೆಯನ್ನು ನೋಡಿ ಕಾಲನಿರ್ಣಯ ಮಾಡುವವರು ಪ್ರತಿಯ ಕಾಲವನ್ನು ಮೂಲದ ಕಾಲವೆಂದು ಭಾವಿಸುವ ಅಪಾಯವುಂಟು. ತಾಳೆಯೋಲೆಯ ಗ್ರಂಥಗಳಲ್ಲಿ ಲಿಪಿಕಾರನ ಕಾಲವನ್ನು ಕವಿಯ ಕಾಲವೆಂದು ಎಣಿಸಿದವರು ನಮ್ಮಲ್ಲಿ ಇಲ್ಲದಿಲ್ಲ. ಇನ್ನು ಒಂದೇ ಮುಖದಲ್ಲಿ ಧ್ವನಿಯಿರುವ ಪ್ಲೇಟು ಸಿಕ್ಕಿದರೆ ಅದು ಶತಮಾನದ ಮೊದಲ ದಶಕದ್ದೆಂದು ಸಾಮಾನ್ಯವಾಗಿ ಹೇಳಬಹುದು. ಅಂತಹುದು ನಮಗೆ ಒಂದೂ ಸಿಕ್ಕಲಿಲ್ಲ.

ಬಿಲ್ಲೆಗಿಂತಲೂ ನಮ್ಮ ವಿದ್ಯಾರ್ಥಿಗಳ ಕುತೂಹಲವನ್ನು ಕೆರಳಿಸಿದುದು ಗೆರೆಗಳ ಸವೆತ. ಉಕ್ಕಿನ ಮುಳ್ಳು ಅರಗಿನ ಗೆರೆಯಲ್ಲಿ ಓಡಿದಷ್ಟೂ ಕಪ್ಪು ಬಣ್ಣ ಮಾಸಿ ಬೂದಿಯಾಗುತ್ತದೆ. ಆ ಮೂವತ್ತೆಂಟರಲ್ಲಿ ಹಲವು ಪ್ಲೇಟುಗಳ ಒಂದು ಮುಖವು ಬೂದಿಯಾಗಿದ್ದು ಇನ್ನೊಂದು ಮುಖವು ಹೊಸದರಂತೆ ಹೊಳೆಯುತ್ತಿತ್ತು. ಯಾವ ಹಾಡನ್ನು ಮನೆಯವರು ಮತ್ತೆ ಮತ್ತೆ ಕೇಳಿದರು, ಯಾವುದನ್ನು ಒಮ್ಮೆ ಕೇಳಿ ಬಿಟ್ಟರು ಎಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ದಾಖಲೆ ಬೇರೊಂದಿಲ್ಲ. ಪುಸ್ತಕದ ಮಾರಾಟದಿಂದ ಅದನ್ನು ಕೊಂಡವರೆಷ್ಟೆಂದು ತಿಳಿಯಬಹುದು, ಓದಿದವರೆಷ್ಟೆಂದು ತಿಳಿಯಲಾಗದು. ಪ್ಲೇಟಾದರೋ ಕೇಳಿದುದನ್ನೂ ತನ್ನ ಮೈಮೇಲೆ ಬರೆದುಕೊಂಡಿದೆ. ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಬೇಕು: ಕಾಗದದ ಹೊದಿಕೆಯ ಮೇಲಿನ ವ್ಯಾಪಾರಿಯ ಮೊಹರು, ಮದುವೆಯ ಉಡುಗೊರೆಯ ಬರಹ ಮುಂತಾದವನ್ನು ಪ್ಲೇಟಿಗೆ ಅನ್ವಯಿಸುವಾಗ ಆತುರ ಸಲ್ಲದು. ಹೊದಿಕೆಗಳು ಅದಲುಬದಲಾಗುವುದು ಸರ್ವಸಾಮಾನ್ಯ. ಹುಬ್ಬಳ್ಳಿಯ ಮೊಹರಿನ ಹೊದಿಕೆಯೊಳಗೆ ತಮಿಳು ಚಿತ್ರಗೀತೆಯಿದ್ದ ಮಾತ್ರಕ್ಕೆ ಹುಬ್ಬಳ್ಳಿಯವರು ತಮಿಳು ಕೇಳುತ್ತಿದ್ದರೆಂದು ಪ್ರಬಂಧ ಬರೆಯುವುದು ತರವಲ್ಲ.

ಬಿಲ್ಲೆಗಳನ್ನು ಒಟ್ಟಾಗಿ ಓದಿದಾಗ ರಾಜಕೀಯ ಭೂಪಟವೊಂದು ಕಾಣತೊಡಗುತ್ತದೆ. 1902ರಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗನು ಕಲಕತ್ತೆಯಲ್ಲಿ ಗೌಹರ್ ಜಾನ್ ಮೊದಲಾದವರ ಕಂಠವನ್ನು ಮುದ್ರಿಸಿಕೊಂಡನು. ಆ ಮುದ್ರಣಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಪ್ಲೇಟುಗಳಾಗಿ ಹಿಂದಿರುಗುತ್ತಿದ್ದವು; 1908ರಲ್ಲಿ ಕಲಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆಯಾಯಿತು. ದೂರದ ಕೆಲಸಗಾರರಿಗೆ ಗುರುತು ಸಿಗಲೆಂದು ಹಾಡಿನ ಕೊನೆಯಲ್ಲಿ ಗಾಯಕರು ತಮ್ಮ ಹೆಸರನ್ನು ಹೇಳುವ ರೂಢಿ ಆಗಿನದು. ಮುಂದೆ ಈ ಉದ್ಯಮವು ದಕ್ಷಿಣಕ್ಕೆ ಮದರಾಸಿನಲ್ಲಿಯೂ ಪಶ್ಚಿಮಕ್ಕೆ ಮುಂಬಯಿಯಲ್ಲಿಯೂ ನೆಲೆಯೂರಿತು. ಕನ್ನಡ ನಾಡಿನ ಕಲಾವಿದರು ಬಹುಮಟ್ಟಿಗೆ ಹೊರಗೆ ಹೋಗಿಯೇ ಹಾಡಬೇಕಾಗಿತ್ತು. ಮೈಸೂರು ಸೀಮೆಯವರು ಮದರಾಸಿನ ಕಡೆಗೆ, ಧಾರವಾಡ ಬಿಜಾಪುರಗಳವರು ಮುಂಬಯಿಯ ಕಡೆಗೆ. 1932ರಲ್ಲಿ ಎ. ವಿ. ಮೇಯಪ್ಪನ್ ಮತ್ತು ಅವರ ಪಾಲುದಾರರು ಮದರಾಸಿನಲ್ಲಿ ತೆರೆದ ಸರಸ್ವತಿ ಸ್ಟೋರ್ಸ್ ಓಡಿಯಾನ್ ಪ್ಲೇಟುಗಳ ವ್ಯಾಪಾರವನ್ನು ಬೆಳೆಸಿತು. ಮುಂಬಯಿಯಲ್ಲಿ ಯಂಗ್ ಇಂಡಿಯಾ ಮೊದಲಾದ ದೇಶೀಯ ಗುರುತುಗಳು ಹುಟ್ಟಿದವು. ಫಲವಾಗಿ ಒಬ್ಬನೇ ಕನ್ನಡಿಗ ಶ್ರೋತೃವಿನ ಪೆಟ್ಟಿಗೆಯಲ್ಲಿ ಅತ್ತ ತೆಲುಗು ತಮಿಳು ಕೀರ್ತನೆಗಳೂ ಇತ್ತ ಮರಾಠೀ ನಾಟ್ಯಗೀತೆಗಳೂ ಕನ್ನಡಕ್ಕಿಂತ ಮಿಗಿಲಾಗಿ ಸಿಗುವುದುಂಟು. 1956ರ ನವೆಂಬರ್ 1ರವರೆಗೆ ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ನಾಡಿನ ಸ್ಥಿತಿಯು ಈ ಪೆಟ್ಟಿಗೆಗಳಲ್ಲಿ ಎದ್ದು ತೋರುತ್ತದೆ. ಕನ್ನಡದ ಪ್ಲೇಟು ಎರಡು ಪರಕೀಯ ಪಟ್ಟಣಗಳ ವ್ಯಾಪಾರದ ಅಂಚಿನಲ್ಲಿ ಹುಟ್ಟಿದ್ದು. ಅಂಚಿನಲ್ಲಿ ಹುಟ್ಟಿದುದರಿಂದಲೇ ಅದರ ಲೆಕ್ಕವನ್ನು ಎರಡು ಕಡೆಯವರೂ ಪೂರ್ಣವಾಗಿ ಇಡಲಿಲ್ಲವೆಂದು ನಾವು ಭಾವಿಸುತ್ತೇವೆ.

ಪ್ಲೇಟಿನ ಮೊದಲ ದಶಕಗಳಲ್ಲಿ ಮುಂದೆ ಬಂದವರು ವಿಶೇಷವಾಗಿ ಸ್ತ್ರೀಯರು, ಅದರಲ್ಲಿಯೂ ಕುಲವೃತ್ತಿಯಾಗಿ ಸಂಗೀತವನ್ನು ಪಡೆದವರು. ನಂಜನಗೂಡಿನಲ್ಲಿ ಜನಿಸಿದ ಬೆಂಗಳೂರು ನಾಗರತ್ನಮ್ಮನವರ (1878–1952) ಕಂಠವು ಶತಮಾನದ ಮೊದಲ ದಶಕದಲ್ಲಿಯೇ ಪ್ಲೇಟಿಗೆ ಬಂದಿತು. 1909ರಲ್ಲಿ ಮೈಸೂರು ಸರ್ಕಾರವು ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಈ ಎರಡು ಸಂಗತಿಗಳಿಗೆ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸಲು ನಾವು ಹೊರಟಿಲ್ಲ. ಆದರೆ ದೇವಾಲಯದ ಬಾಗಿಲು ಮುಚ್ಚುತ್ತಿದ್ದ ಕಾಲದಲ್ಲಿಯೇ ಇನ್ನೊಂದು ಬಾಗಿಲು ತೆರೆಯಿತೆಂಬುದನ್ನೂ, ಆ ಗಾಯಕಿಯರನ್ನು ಒಳಗೆ ಕರೆಯಲೊಪ್ಪದ ಗೃಹಸ್ಥರ ನಡುಮನೆಯನ್ನು ಅವರ ಕಂಠವು ಪ್ಲೇಟಿನ ರೂಪದಲ್ಲಿ ಹೊಕ್ಕಿತೆಂಬುದನ್ನೂ ಸಮಾಜದ ಇತಿಹಾಸವನ್ನು ಬರೆಯುವವರು ಗಮನಿಸಬೇಕು. ಗೌಹರ್ ಜಾನ್ ಸ್ವತಃ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನವನ್ನು ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು.

ಹೆಸರುಗಳ ವಿಷಯದಲ್ಲಿ ಬಿಲ್ಲೆಯು ಎಷ್ಟು ಮುಖ್ಯವೆಂಬುದಕ್ಕೆ ಗಂಗೂಬಾಯಿ ಹಾನಗಲ್ಲರ ನಿದರ್ಶನವೊಂದೇ ಸಾಕು. 1930ರ ದಶಕದ ಆರಂಭದಲ್ಲಿ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯು ಹೊರತಂದ ಅವರ ಮೊದಮೊದಲ ಪ್ಲೇಟುಗಳ ಮೇಲೆ ಇದ್ದುದು ಗಾಂಧಾರಿ ಎಂಬ ಹೆಸರು. ಪ್ರಸಿದ್ಧವಾದ ಹೆಸರನ್ನು ಹಿಡಿದು ಪಟ್ಟಿಗಳನ್ನು ಹುಡುಕುವವನಿಗೆ ಅವು ಸಿಗುವುದಿಲ್ಲ. ಹೆಸರಿಗಿಂತ ಹೆಚ್ಚಿನದು ಇಲ್ಲಿದೆ. ಸಭೆಗಳಲ್ಲಿ ಅವರನ್ನು ಕೇಳಿದವರು ನೆನೆಯುವ ಗಂಭೀರವಾದ, ಗಂಡಸಿನದೆಂದು ಭ್ರಮೆ ಹುಟ್ಟಿಸುವ ಕಂಠವು 1940ರ ದಶಕದಲ್ಲಿ ಗಂಟಲಿಗೆ ಆದ ಚಿಕಿತ್ಸೆಯ ತರುವಾಯ ಬಂದದ್ದು. ಅದಕ್ಕೆ ಮುಂಚಿನ ತೆಳುವಾದ, ಎತ್ತರದ ಕಂಠವನ್ನು ಕೇಳಿದವರು ಇಂದು ಬದುಕಿರುವ ಸಂಭವವೇ ಕಡಿಮೆ. ಅದು ಇರುವುದು ಗಾಂಧಾರಿ ಎಂಬ ಹೆಸರಿನ ಆ ಪ್ಲೇಟುಗಳಲ್ಲಿ. ಅಂತಹ ಪ್ಲೇಟೊಂದು ಗೋ‍ಣಿಯ ಮೇಲಿನ ರಾಶಿಯಲ್ಲಿದ್ದು, ಹೆಸರು ತಿಳಿಯದ ಗಿರಾಕಿಯೊಬ್ಬನು ಅದನ್ನು ಬದಿಗೆ ತಳ್ಳಿದರೆ ಆಗುವ ನಷ್ಟವನ್ನು ಯಾವ ಆತ್ಮಕಥೆಯೂ ತುಂಬಿಕೊಡಲಾರದು. ಮಲ್ಲಿಕಾರ್ಜುನ ಮನಸೂರರೂ ಅದೇ ಕಾಲದಲ್ಲಿ ಅದೇ ಕಂಪನಿಗೆ ಹಾಡಿದರು. ಕೆಲಕಾಲ ಅದರ ಸಂಗೀತ ನಿರ್ದೇಶಕರೂ ಆಗಿದ್ದರು. ಬೀಳಗಿಯ ಅಮೀರಬಾಯಿ ಕರ್ನಾಟಕಿಯವರು ಮುಂಬಯಿಯ ಚಿತ್ರರಂಗದಲ್ಲಿ ಖ್ಯಾತರಾಗಿ, ನಾಡಿನ ಹೆಸರನ್ನೇ ತಮ್ಮ ಹೆಸರಿನೊಡನೆ ಪ್ಲೇಟುಗಳ ಮೇಲೆ ಭಾರತದಾದ್ಯಂತ ಕಳುಹಿಸಿದರು.

ಅಂಗಡಿಯನ್ನು ಕುರಿತ ಈ ಲೇಖನದಲ್ಲಿ ಅಂಗಡಿಯಿಂದಲೇ ಆದ ಒಂದು ಘಟನೆಯನ್ನು ಬಿಡುವಂತಿಲ್ಲ. ಗದಗಿನ ಬಾಲಕ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಠುಮರಿಯೊಂದನ್ನು ಪ್ಲೇಟಿನಲ್ಲಿ ಕೇಳಿ, ಅಂತಹ ಸಂಗೀತವನ್ನು ಕಲಿಸುವ ಗುರುವನ್ನರಸಿ 1933ರಲ್ಲಿ, 11ನೆಯ ವಯಸ್ಸಿನಲ್ಲಿ, ಮನೆಬಿಟ್ಟು ಹೊರಟ ಕಥೆ ಎಲ್ಲರಿಗೂ ತಿಳಿದುದೇ. ಪ್ಲೇಟನ್ನು ಹಾಕುತ್ತಿದ್ದ ಅಂಗಡಿಗಳ ಮುಂದೆ ನಿಂತು ಕೇಳುವುದು ಆ ಹುಡುಗನ ಅಭ್ಯಾಸವಾಗಿತ್ತೆಂದು ಹೇಳುವರು. ಈ ಕಥೆಯನ್ನು ಪ್ರತಿಭೆಯ ಪವಾಡವೆಂದು ಹೇಳಿ ಮುಗಿಸುವುದು ವಾಡಿಕೆ. ಇತಿಹಾಸದ ವಿದ್ಯಾರ್ಥಿಗೆ ಇದರಲ್ಲಿ ಇನ್ನೊಂದು ಅಂಶವಿದೆ. ಗ್ರಾಮಫೋನನ್ನು ಕೊಳ್ಳಲಾರದವರಿಗೂ ಅಂಗಡಿಯ ಕಟ್ಟೆ, ಹೋಟೆಲಿನ ಬಾಗಿಲು, ಜಾತ್ರೆಯ ಬೀದಿ ಉಚಿತವಾದ ಸಂಗೀತಸಭೆಗಳಾಗಿದ್ದವು. ಪ್ಲೇಟುಗಳ ಮಾರಾಟದ ಸಂಖ್ಯೆಯಿಂದ ಶ್ರೋತೃಗಳ ಸಂಖ್ಯೆಯನ್ನು ಊಹಿಸಲಾಗದೆಂಬುದಕ್ಕೆ ಇದು ನಿದರ್ಶನ.

ದಕ್ಷಿಣದಲ್ಲಿ ಬಿ. ಎಸ್. ರಾಜ ಅಯ್ಯಂಗಾರರು ಪ್ಲೇಟಿಗೆ ಹಾಡಿದ ಪುರಂದರದಾಸರ ‘ಜಗದೋದ್ಧಾರನ’ವು ಕನ್ನಡ ತಿಳಿಯದವರ ಮನೆಗಳಲ್ಲಿಯೂ ಮೊಳಗಿತು. ಪಿ. ಕಾಳಿಂಗರಾಯರು (1914–1981) ಹಾಡಿದ ಪ್ಲೇಟುಗಳಿಂದ ನವೋದಯದ ಕವಿತೆಗಳು ಪುಸ್ತಕವನ್ನು ಎಂದೂ ಕೊಳ್ಳದವರ ನಾಲಗೆಯ ಮೇಲೆ ನೆಲೆಸಿದವು. ಇಲ್ಲಿ ಒಂದು ಸೂಕ್ಷ್ಮವಿದೆ. 3 ನಿಮಿಷದ ಮಿತಿಗೆ ಒಗ್ಗಿಸಲು ದೀರ್ಘವಾದ ಕವಿತೆಯ ಕೆಲವು ಚರಣಗಳನ್ನು ಬಿಡಬೇಕಾಗುತ್ತಿತ್ತು. ಜನರು ಕಂಠಸ್ಥ ಮಾಡಿಕೊಂಡುದು ಬಿಟ್ಟುಳಿದ ಚರಣಗಳನ್ನು. ಕವಿತೆಯ ಪಾಠಾಂತರಗಳನ್ನು ಚರ್ಚಿಸುವ ಸಾಹಿತ್ಯ ವಿದ್ಯಾರ್ಥಿಗಳು ಪ್ಲೇಟಿನ ಪಾಠವನ್ನೂ ಒಂದು ಪಾಠವೆಂದು ಎಣಿಸುವುದು ಯುಕ್ತ.

ಮೈಸೂರಿನ ವಿಷಯದಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬೇಕೆನಿಸುತ್ತದೆ. 1940ರ ದಶಕದ ಕೊನೆಯಲ್ಲಿ, ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಡ್ಟ್ನರನ ಕೃತಿಗಳನ್ನು ಧ್ವನಿಮುದ್ರಿಸುವ ಸಲುವಾಗಿ ಶ್ರೀ ಜಯಚಾಮರಾಜ ಒಡೆಯರು ಒಂದು ಸಂಘವನ್ನೇ ಸ್ಥಾಪಿಸಿ ಹಣವೊದಗಿಸಿದರು. ಕೃತಜ್ಞನಾದ ಆ ಸಂಗೀತಕಾರನು ತನ್ನ ಮೂರನೆಯ ಪಿಯಾನೋ ಕಾಂಚೆರ್ಟೋವನ್ನು ಮಹಾರಾಜರಿಗೆ ಅರ್ಪಿಸಿದನು. ಸಂಘದ ಆ ಪ್ಲೇಟುಗಳು ಇಂದಿಗೂ ಪಾಶ್ಚಾತ್ಯ ರಸಿಕರಲ್ಲಿ ಗೌರವ ಪಡೆದಿವೆ. ಮಹಾರಾಜರು ಸ್ವತಃ ಕರ್ನಾಟಕ ಸಂಗೀತದ ವಾಗ್ಗೇಯಕಾರರು; ಆಸ್ಥಾನದ ವಿದ್ವಾಂಸರನ್ನು ಗೌರವಿಸಿದವರು. ಅವರ ಔದಾರ್ಯವನ್ನು ಕುಂದಿಸುವ ಉದ್ದೇಶ ನಮಗಿಲ್ಲ. ಆದರೆ ಧ್ವನಿಮುದ್ರಣವು ಒಬ್ಬ ಕಲಾವಿದನ ಕೀರ್ತಿಯನ್ನು ಮರಣಾನಂತರವೂ ಕಾಯಬಲ್ಲುದೆಂಬ ತಿಳಿವಳಿಕೆ ಮೈಸೂರಿನಲ್ಲಿ ಇತ್ತು. ಅದೇ ಬೀದಿಗಳಲ್ಲಿ ಡೇರೆ ಹಾಕಿ ಆಡುತ್ತಿದ್ದ ನಾಟಕ ಮಂಡಳಿಗಳ ಪಾಲಿಗೆ ಆ ತಿಳಿವಳಿಕೆ ಒದಗಲಿಲ್ಲ.

ನಾಟಕ ಮಂಡಳಿಗಳ ಮಾತು ಬಂದುದರಿಂದ, ನಮ್ಮನ್ನು ಬಹಳವಾಗಿ ಕಾಡಿದ ಸಂಗತಿಯನ್ನು ಹೇಳುತ್ತೇವೆ. ಗುಬ್ಬಿ ಕಂಪನಿ (ಸ್ಥಾಪನೆ 1884) ಮೊದಲಾದವುಗಳ ಕಾಲದಲ್ಲಿ ವೃತ್ತಿರಂಗಭೂಮಿಯ ಜೀವಾಳವು ಹಾಡು. ಅಚ್ಚಾದ ನಾಟಕದ ಪುಸ್ತಕದಲ್ಲಿ ಹಾಡಿನ ಸಾಹಿತ್ಯವೂ ರಾಗದ ಹೆಸರೂ ಇರುತ್ತವೆ. ‘ಮಟ್ಟು’ ಯಾವುದೆಂಬುದಕ್ಕೆ ಆಗ ಎಲ್ಲರಿಗೂ ತಿಳಿದಿದ್ದ, ಈಗ ಯಾರಿಗೂ ತಿಳಿಯದ, ಒಂದು ಹಾಡಿನ ಹೆಸರನ್ನು ಕೊಟ್ಟಿರುತ್ತಾರೆ. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ (1934) ರಂಗಭೂಮಿಯವರಿಂದಲೇ ಆದದ್ದು. ಅದರ ಪ್ರತಿಯೂ ಉಳಿದಿಲ್ಲ. ಹೀಗಾಗಿ ಆ ಗಾಯನದ ಬಗೆಯನ್ನು ತಿಳಿಯಲು ನಾಟಕದ ‘ಸೆಟ್ಟು’ಗಳು, ಎಂದರೆ ಒಂದು ನಾಟಕವನ್ನು ಹಲವು ಪ್ಲೇಟುಗಳಲ್ಲಿ ಸಂಗ್ರಹಿಸಿ ಮಾರಿದ ಕಟ್ಟುಗಳು, ಅಮೂಲ್ಯವಾದವು. ಆ ಪೆಟ್ಟಿಗೆಯಲ್ಲಿ ಪೌರಾಣಿಕ ನಾಟಕವೊಂದರ ಮೂರನೆಯ ಮತ್ತು ಐದನೆಯ ಪ್ಲೇಟುಗಳಿದ್ದವು. ಮೂರನೆಯದು ಬಿರಿದಿದ್ದಿತು. ಯಜಮಾನರು ತಮ್ಮ ಹಳೆಯ ಯಂತ್ರಕ್ಕೆ ಕೀಲಿಕೊಟ್ಟು ಐದನೆಯದನ್ನು ಹಾಕಿದರು. ಹಾರ್ಮೋನಿಯಮ್ಮಿನ ಹಿಂದೆ ಒಂದು ಹೆಣ್ಣು ದನಿ, ತಾರಸ್ಥಾಯಿಯಲ್ಲಿ, ಪ್ರತಿಯೊಂದು ಅಕ್ಷರವನ್ನೂ ಹಿಂದಿನ ಸಾಲಿನಲ್ಲಿ ಕುಳಿತವನಿಗೆ ಎಸೆಯುವಂತೆ ಹಾಡಿತು. ಧ್ವನಿವರ್ಧಕವಿಲ್ಲದ ಡೇರೆಯಲ್ಲಿ ಸಾವಿರ ಜನಕ್ಕೆ ಹಾಡಿ ರೂಢಿಯಾದ ಕಂಠವು ಮುದ್ರಣಯಂತ್ರದ ಮುಂದೆಯೂ ಆ ರೂಢಿಯನ್ನು ಬಿಟ್ಟಿರಲಿಲ್ಲ. ವೃತ್ತಿರಂಗಭೂಮಿಯ ಅಭಿನಯವು ‘ಅತಿರೇಕ’ದ್ದೆಂದು ವಿಮರ್ಶಕರು ಬರೆದುದನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಓದಿದ್ದರು; ಆ ಮಾತಿನ ಹಿಂದೆ ಡೇರೆಯ ಉದ್ದಗಲವಿತ್ತೆಂಬುದನ್ನು ಆ ಮೂರು ನಿಮಿಷಗಳಲ್ಲಿ ಗ್ರಹಿಸಿದರು. ಬಿಲ್ಲೆಯ ಮೇಲೆ ನಟಿಯ ಹೆಸರಿದ್ದ ಭಾಗವನ್ನು ಗೆದ್ದಲು ತಿಂದಿದ್ದಿತು. ಅಚ್ಚಿನ ಸಂಖ್ಯೆಯನ್ನು ಬರೆದುಕೊಂಡೆವು.

ಇಂತಹ ಪ್ಲೇಟುಗಳನ್ನು ಪ್ರತಿಮಾಡಿಕೊಳ್ಳಲು ಕಾನೂನಿನ ಅಡ್ಡಿಯಿದೆಯೆಂಬ ಶಂಕೆ ಅಧ್ಯಾಪಕರಲ್ಲಿ ಹಲವರಿಗುಂಟು. 1957ರ ಕೃತಿಸ್ವಾಮ್ಯ ಅಧಿನಿಯಮವು ಈಗ ಇರುವಂತೆ, ಧ್ವನಿಮುದ್ರಣದ ಮೇಲಿನ ಹಕ್ಕು ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಮಾತ್ರ ಇರುತ್ತದೆ. ಅರಗಿನ ಪ್ಲೇಟುಗಳಲ್ಲಿ ಬಹುಪಾಲು ಈ ಅವಧಿಯನ್ನು ದಾಟಿವೆ. ಹಾಡಿನ ಸಾಹಿತ್ಯದ ಹಕ್ಕು ಕವಿಯ ಮರಣಾನಂತರ 60 ವರ್ಷಗಳದಾದುದರಿಂದ ಆ ವಿಷಯದಲ್ಲಿ ಪ್ರತ್ಯೇಕವಾಗಿ ವಿಚಾರಿಸಬೇಕು. ದಾಸರ ಪದಗಳಿಗೂ ವಚನಗಳಿಗೂ ಆ ಚಿಂತೆಯೇ ಇಲ್ಲ. ಕಾನೂನಿಗಿಂತ ದೊಡ್ಡ ಅಡ್ಡಿ ಹಣದ್ದು. ಅಂಗಡಿಯ ಸರಕನ್ನೆಲ್ಲ ಕೊಳ್ಳುವ ಶಕ್ತಿ ಯಾವ ಇತಿಹಾಸ ವಿಭಾಗಕ್ಕೂ ಇರಲಾರದು. ಆದರೆ ಕೊಳ್ಳದೆಯೂ ಮಾಡಬಹುದಾದ ಕೆಲಸವುಂಟು. ನಮ್ಮ ಆರು ಮಂದಿ ವಿದ್ಯಾರ್ಥಿಗಳು ಮೂರು ಭಾನುವಾರಗಳಲ್ಲಿ 214 ಪ್ಲೇಟುಗಳ ಎರಡೂ ಸಂಖ್ಯೆಗಳನ್ನೂ, ಬಿಲ್ಲೆಯ ಬರಹವನ್ನು ಇದ್ದಂತೆಯೇ ಕಾಗುಣಿತದ ತಪ್ಪುಗಳ ಸಮೇತವಾಗಿಯೂ, ಸವೆತದ ಪ್ರಮಾಣವನ್ನೂ, ತಿಳಿದುಬಂದಲ್ಲಿ ಯಾವ ಬಡಾವಣೆಯ ಮನೆಯಿಂದ ಬಂದದ್ದೆಂಬುದನ್ನೂ ಚೀಟಿಗಳಲ್ಲಿ ಬರೆದುಕೊಂಡಿದ್ದಾರೆ. ಬಿಲ್ಲೆಗಳ ಛಾಯಾಚಿತ್ರಗಳನ್ನೂ ತೆಗೆದಿರುವರು. ಮನೆಯವರ ಹೆಸರನ್ನು ಬರೆಯಬಾರದೆಂದು ಮೊದಲೇ ನಿಶ್ಚಯಿಸಿದ್ದೆವು. ಬಡಾವಣೆಯ ಹೆಸರೇ ನಮ್ಮ ಉದ್ದೇಶಕ್ಕೆ ಸಾಕು. ನಾಲ್ಕನೆಯ ಭಾನುವಾರ ಹೋಗುವಷ್ಟರಲ್ಲಿ ಪೆಟ್ಟಿಗೆಯು ಬಿಡಿಯಾಗಿ ಮಾರಾಟವಾಗಿಹೋಗಿದ್ದಿತು. ಐದನೆಯ ಪ್ಲೇಟನ್ನು, ಹೊಸದಾಗಿ ತೆರೆಯಲಿರುವ ಹೋಟೆಲೊಂದರ ಗೋಡೆಗೆ ಅಲಂಕಾರವಾಗಿ ತೂಗುಹಾಕಲು, ಇತರ ಇಪ್ಪತ್ತು ಪ್ಲೇಟುಗಳ ಜೊತೆಗೆ ಯಾರೋ ಕೊಂಡೊಯ್ದರೆಂದು ಯಜಮಾನರು ತಿಳಿಸಿದರು.

ಇತರ ಕಾಲೇಜುಗಳ ಅಧ್ಯಾಪಕರು ತಮ್ಮ ಊರುಗಳ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಇದೇ ಕ್ರಮದಿಂದ ಚೀಟಿಗಳನ್ನು ಸಿದ್ಧಪಡಿಸಿದರೆ, ಹುಬ್ಬಳ್ಳಿ, ಬೆಳಗಾವಿ, ಮಂಗಳೂರು, ಮೈಸೂರುಗಳ ಪಟ್ಟಿಗಳನ್ನು ಬೆಂಗಳೂರಿನದರೊಡನೆ ಹೋಲಿಸಿ, ಮೇಲೆ ಹೇಳಿದ ಮದರಾಸು ಮುಂಬಯಿಗಳ ಎಲ್ಲೆಯು ಎಲ್ಲಿ ಹಾದುಹೋಗಿದ್ದಿತೆಂಬುದನ್ನು ಪರೀಕ್ಷಿಸಬಹುದು. ಈ ಪರಿಶೀಲನೆಯನ್ನು ನಾವು 1978ಕ್ಕೆ ನಿಲ್ಲಿಸಿದ್ದೇವೆ. ಆ ವರ್ಷ ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಸಂಯೋಜಿಸಿದ ‘ನಿತ್ಯೋತ್ಸವ’ವು ಕ್ಯಾಸೆಟ್ಟಿನ ರೂಪದಲ್ಲಿ ಹೊರಬಂದಿತು. ಕ್ಯಾಸೆಟ್ಟಿನ ಮೇಲೆ ಮತ್ತೊಂದು ಹಾಡನ್ನು ಮನೆಯಲ್ಲಿಯೇ ಮುದ್ರಿಸಬಹುದಾದುದರಿಂದ ಅದನ್ನು ಆಕರವಾಗಿ ಬಳಸುವ ಕ್ರಮವು ಪೂರ್ತಿಯಾಗಿ ಬೇರೆಯದು. ಅದನ್ನು ಇನ್ನೊಂದು ಲೇಖನದಲ್ಲಿ ವಿಚಾರಿಸಬೇಕಾಗಿದೆ.